ಬರೆದ ಬಾಯಿಗೆ ದನಿ: ಮನೆಯಲ್ಲೇ ‘ಆಫುರೆಕೊ’ ಮಾಡಿ ನೋಡುವ ಬಗೆ

ಜಪಾನಿನ ಅನಿಮೆಗಳಲ್ಲಿ, ಅಂದರೆ ಅಲ್ಲಿನ ಆನಿಮೇಷನ್ ಚಿತ್ರಗಳಲ್ಲಿ, ಸಾಮಾನ್ಯವಾಗಿ ಚಿತ್ರ ಮೊದಲು, ದನಿ ಆಮೇಲೆ. ಕಲಾವಿದರು ಪರದೆಯ ಮುಂದೆ ನಿಂತು, ಓಡುತ್ತಿರುವ ಚಿತ್ರದ ತುಟಿಗೆ ತಮ್ಮ ಮಾತು ಕೂಡಿಸುತ್ತಾರೆ. ಇದಕ್ಕೆ ಅಲ್ಲಿ ‘ಆಫುರೆಕೊ’ ಎನ್ನುತ್ತಾರೆ, ಆಫ್ಟರ್ ರೆಕಾರ್ಡಿಂಗ್ ಎಂಬುದರ ಜಪಾನಿ ಮೊಟಕು ರೂಪ. ದನಿ ಕೊಡುವವರು ‘ಸೇಯೂ’. ಮಾತನ್ನು ಮೊದಲೇ ಧ್ವನಿಮುದ್ರಿಸಿ, ಅದಕ್ಕೆ ತಕ್ಕಂತೆ ಚಿತ್ರ ಬರೆಯುವ ‘ಪುರೆಸುಕೊ’ ಪದ್ಧತಿಯೂ ಉಂಟು. 1988ರ ‘ಅಕಿರಾ’ ಹಾಗೆ ತಯಾರಾದದ್ದು.

ಮಿಮಿಕ್ರಿ ಬಂದರೆ ಈ ಕೆಲಸ ಬಂದಂತೆ ಎಂದು ಅನೇಕರು ಅಂದುಕೊಳ್ಳುತ್ತಾರೆ. ಆದರೆ ದನಿ ಬದಲಿಸುವುದು ಇಲ್ಲಿ ತೀರಾ ಕೊನೆಯ ಸಂಗತಿ. ಮೊದಲು ಅಳತೆ, ಆಮೇಲೆ ಉಸಿರು, ಆಮೇಲೆ ಎದುರಿನವರ ಮಾತಿಗೆ ಕಿವಿ. ಟೋಕಿಯೊದ ಸ್ಟುಡಿಯೊಗಳ ಕ್ರಮವನ್ನೇ ಹಿಡಿದು, 30 ಸೆಕೆಂಡಿನ ಒಂದು ದೃಶ್ಯಕ್ಕೆ ಕನ್ನಡದಲ್ಲಿ ದನಿ ಕೊಡುವುದನ್ನು ಇಲ್ಲಿ ವಿವರಿಸಿದೆ. ಇಬ್ಬರು ಮೂವರು ಸೇರಿದರೆ ಒಳ್ಳೆಯದು. ಅಭ್ಯಾಸದ ಈ ಧ್ವನಿಮುದ್ರಿಕೆಯನ್ನು ಹಕ್ಕುದಾರರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬೇಡಿ.

ಬೇಕಾದದ್ದು

ಒಂದು ಮೈಕ್ ಮತ್ತು ಅದರ ಸ್ಟ್ಯಾಂಡ್, ಪಾಪ್ ಫಿಲ್ಟರ್ (ಬಾಯಿಯ ಗಾಳಿ ಮೈಕಿಗೆ ಬಡಿಯದಂತೆ ತಡೆಯುವ ಜಾಲರಿ), ಹೆಡ್‌ಫೋನ್, ದೃಶ್ಯ ನೋಡಲು ಒಂದು ಪರದೆ, ಪೆನ್ಸಿಲ್, ಕಾಗದ. ಧ್ವನಿಮುದ್ರಣದ ತಂತ್ರಾಂಶವನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಹೊಂದಿಸಿ. ಬಟ್ಟೆ ತುಂಬಿದ ಬೀರು, ಹಾಸಿಗೆ, ದಪ್ಪ ಪರದೆ ಇರುವ ಮಲಗುವ ಕೋಣೆ ಸಾಕು. ಬರಿಗೋಡೆಯ ಹಜಾರದಲ್ಲಿ ಮಾತು ಗುಂಯ್‌ಗುಡುತ್ತದೆ. ಫ್ಯಾನ್ ಆರಿಸಿ. ಅಡುಗೆಮನೆಯಲ್ಲಿ ಕುಕ್ಕರ್ ಇಳಿಯುವ ತನಕ ಕಾಯಿರಿ.

ಹಂತ 1: ದೃಶ್ಯದ ಆಯ್ಕೆ

ಇಬ್ಬರು ಕೂತು ಮಾತಾಡುವ ದೃಶ್ಯ ಹಿಡಿಯಿರಿ. ಹೊಸಬರು ಹೊಡೆದಾಟದ ದೃಶ್ಯಕ್ಕೇ ಕೈಹಾಕಿ, ಹತ್ತು ನಿಮಿಷದಲ್ಲಿ ಗಂಟಲು ಕಟ್ಟಿಸಿಕೊಂಡು ಕೂರುತ್ತಾರೆ. ಸದ್ದಿಲ್ಲದೆ ಮೂರು ಸಲ, ಸದ್ದಿನೊಂದಿಗೆ ಎರಡೇ ಸಲ ನೋಡಿ. ಹೆಚ್ಚು ಸಲ ಕೇಳಿದರೆ ಮೂಲ ಕಲಾವಿದರ ರಾಗ ಕಿವಿಗೆ ಅಂಟಿಕೊಂಡು ನಿಮ್ಮ ಮಾತು ಅದರ ನಕಲಾಗುತ್ತದೆ.

ಹಂತ 2: ದೈಹೊನ್ ಬರೆದುಕೊಳ್ಳುವುದು

‘ದೈಹೊನ್’ ಎಂದರೆ ಸ್ಕ್ರಿಪ್ಟ್. ಜಪಾನಿನಲ್ಲಿ ಇದನ್ನು ಮೇಲಿನಿಂದ ಕೆಳಕ್ಕೆ ಬರೆಯುತ್ತಾರೆ: ಮೇಲುಗಡೆ ಕಟ್‌ನ (ನಡುವೆ ತುಂಡಾಗದೆ ಓಡುವ ಒಂದು ಚಿತ್ರಿಕೆಯ) ಸಂಖ್ಯೆ, ಅದರ ಕೆಳಗೆ ಚಿತ್ರದಲ್ಲಿ ನಡೆಯುವುದರ ವಿವರಣೆ, ತಳದಲ್ಲಿ ಪಾತ್ರದ ಹೆಸರು ಮತ್ತು ಮಾತು. ಅರ್ಧ ಗಂಟೆಯ ಒಂದು ಕಂತಿನಲ್ಲಿ ಸುಮಾರು 300 ಕಟ್ ಇರುತ್ತವೆ. ನಿಮ್ಮ 30 ಸೆಕೆಂಡಿಗೆ ಏಳೆಂಟು ಬಂದಾವು. ಕಾಗದದ ಮೇಲೆ ನಾಲ್ಕು ಕಂಬ ಎಳೆಯಿರಿ: ಕಟ್, ಮಾತು ಶುರುವಾಗುವ ಸಮಯ, ಚಿತ್ರ, ಮಾತು. ಸೇಯೂಗಳೂ ಮುಂಚಿತವಾಗಿ ಸಿಕ್ಕ ವಿಡಿಯೊ ನೋಡಿ ಪ್ರತಿ ಮಾತಿನ ಪಕ್ಕ ಸಮಯ ಗುರುತು ಹಾಕಿಕೊಂಡೇ ಸ್ಟುಡಿಯೊಗೆ ಬರುತ್ತಾರೆ.

ಪಾತ್ರ ಪರದೆಯ ಹೊರಗಿದ್ದು ಮಾತಾಡಿದರೆ ‘ಆಫ್’ ಎಂದು, ಮನಸ್ಸಿನೊಳಗಿನ ಮಾತಾದರೆ ‘ಮ’ ಎಂದು ಬರೆದುಕೊಳ್ಳಿ. ಇವಕ್ಕೆ ತುಟಿಯ ಕಟ್ಟುಪಾಡಿಲ್ಲ. ಒಂದು ಕಟ್‌ನಲ್ಲಿ ಶುರುವಾದ ಮಾತು ಮುಂದಿನ ಕಟ್‌ಗೆ ಹರಿದರೆ ಅದಕ್ಕೆ ಅಲ್ಲಿ ‘ಕೊಬೊಶಿ’, ಅಂದರೆ ಚೆಲ್ಲುವುದು, ಎನ್ನುತ್ತಾರೆ. ಅಲ್ಲೊಂದು ಬಾಣ ಹಾಕಿ. ಗುರುತಿಲ್ಲದಿದ್ದರೆ ಚಿತ್ರ ಬದಲಾದ ಕೂಡಲೇ ಬಾಯಿ ತಾನಾಗಿ ನಿಲ್ಲುತ್ತದೆ.

ಹಂತ 3: ಮಾತನ್ನು ಮಾತ್ರೆಯಲ್ಲಿ ಅಳೆಯುವುದು

ಇದೇ ಇಡೀ ಕೆಲಸದ ತಿರುಳು, ಅವಸರ ಬೇಡ. ಅನಿಮೆಯಲ್ಲಿ ಮಾತಾಡುವ ಬಾಯಿಗೆ ಬಹುಪಾಲು ಮೂರೇ ಚಿತ್ರ: ಮುಚ್ಚಿದ್ದು, ಅರೆ ತೆರೆದದ್ದು, ತೆರೆದದ್ದು. ಇವನ್ನು ಅದಲುಬದಲು ಮಾಡುವುದಕ್ಕೆ ‘ಕುಚಿಪಾಕು’ ಎಂದು ಹೆಸರು. ಹಾಗಾಗಿ ಮನುಷ್ಯರ ಸಿನಿಮಾ ಡಬ್ಬಿಂಗ್‌ನಲ್ಲಿ ಪ, ಬ, ಮ ಅಕ್ಷರಗಳಿಗೆ ತುಟಿ ಕೂಡಿಸಲು ಪಡುವ ಪಾಡು ಇಲ್ಲಿಲ್ಲ. ಕೂಡಬೇಕಾದದ್ದು ಮೂರು: ಬಾಯಿ ತೆರೆಯುವ ಕ್ಷಣ, ನಡುವಿನ ನಿಲುಗಡೆ, ಬಾಯಿ ಮುಚ್ಚುವ ಕ್ಷಣ. ಸೆಕೆಂಡಿಗೆ 24 ಫ್ರೇಮ್. ಆರು ಫ್ರೇಮ್ ಎಂದರೆ ಕಾಲು ಸೆಕೆಂಡ್, ಅಷ್ಟು ತಪ್ಪಿದರೆ ನೋಡುವವರ ಕಣ್ಣಿಗೆ ಹೊಡೆಯುತ್ತದೆ.

ಮಾತು ಹಿಡಿಸುತ್ತದೋ ಇಲ್ಲವೋ ತಿಳಿಯಲು ಕನ್ನಡಿಗರ ಕೈಯಲ್ಲಿ ಆಗಲೇ ಒಂದು ಅಳತೆಗೋಲಿದೆ, ಶಾಲೆಯಲ್ಲಿ ಪ್ರಸ್ತಾರ ಹಾಕುವಾಗ ಕಲಿತ ಮಾತ್ರೆ. ಜಪಾನಿ ಭಾಷೆಯೂ ಮಾತ್ರೆಯ ಲೆಕ್ಕದಲ್ಲೇ ನಡೆಯುತ್ತದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ತಡೆಗೆ ಒಂದು. ‘ಚೊತ್ತೊ ಮತ್ತೆ’ ಎಂಬ ಮಾತು ಅನಿಮೆಯಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಅದರ ಲೆಕ್ಕ ಮೂರು ಮತ್ತು ಮೂರು, ಆರು ಮಾತ್ರೆ. ‘ದಯವಿಟ್ಟು ಒಂದು ನಿಮಿಷ ನಿಲ್ಲು’ ಎಂದು ಬರೆದರೆ 14 ಮಾತ್ರೆ. ಅಷ್ಟನ್ನು ಆ ಬಾಯಿಗೆ ತುರುಕಲು ಹೋದರೆ ಪಾತ್ರ ರೈಲು ತಪ್ಪಿಸಿಕೊಂಡವರಂತೆ ಒದರುತ್ತದೆ. ‘ಸ್ವಲ್ಪ ತಾಳು’ ಬರೆಯಿರಿ: ಗುರು, ಲಘು, ಗುರು, ಲಘು. ಸರಿಯಾಗಿ ಆರು. ಎರಡು ಪದ, ಎರಡು ಬಡಿತ, ಎಲ್ಲವೂ ಮೂಲದಂತೆಯೇ ಕೂರುತ್ತದೆ. ಮಾತ್ರೆ ಒಂದೆರಡು ಹೆಚ್ಚುಕಡಿಮೆಯಾದರೆ ನಡೆದೀತು, ಅದಕ್ಕಿಂತ ಹೆಚ್ಚಾದರೆ ಮಾತನ್ನೇ ಬದಲಿಸಿ.

ಕನ್ನಡಕ್ಕೆ ಇನ್ನೊಂದು ಅನುಕೂಲವಿದೆ. ಎರಡೂ ಭಾಷೆಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಕಿಮಿ ಗ ಕುರು ತೊ ಒಮೊವನಕತ್ತ’ ಎಂಬುದನ್ನು ‘ನೀನು ಬರ್ತೀಯ ಅಂತ ಅಂದ್ಕೊಂಡಿರಲಿಲ್ಲ’ ಎಂದು ಪದಕ್ಕೆ ಪದ ಇಡಬಹುದು. ‘ಇಲ್ಲ’ ಎನ್ನುವುದು ಎರಡರಲ್ಲೂ ಮಾತಿನ ತುದಿಯಲ್ಲೇ ತಿಳಿಯುವುದರಿಂದ, ಚಿತ್ರದಲ್ಲಿ ಮುಖ ಬಾಡುವ ಕ್ಷಣಕ್ಕೇ ಕನ್ನಡದ ‘ಇಲ್ಲ’ವೂ ಬಂದು ಬೀಳುತ್ತದೆ. ಇಂಥ ಕಡೆ ವಾಕ್ಯವನ್ನು ಹಿಂದುಮುಂದು ಮಾಡಿ ಕೆಡಿಸಬೇಡಿ. ವಾಕ್ಯದ ಕೊನೆಯ ‘ನೆ’ಗೆ ‘ಅಲ್ವಾ’, ‘ಯೊ’ಗೆ ‘ಕಣೋ’, ‘ಕಣೇ’, ‘ಕಣ್ರೀ’ ಒಪ್ಪುತ್ತವೆ.

ಸರ್ವನಾಮದಲ್ಲಿ ಮಾತ್ರ ನಷ್ಟವಿದೆ. ಒರಟ ಹುಡುಗ ‘ಒರೆ’ ಎನ್ನುತ್ತಾನೆ, ಮೆದು ಹುಡುಗ ‘ಬೊಕು’, ಮಂಗಾದ (ಜಪಾನಿ ಕಾಮಿಕ್ಸ್‌ನ) ಮುದುಕ ‘ವಶಿ’. ನಮಗೆ ಎಲ್ಲಕ್ಕೂ ‘ನಾನು’ ಒಂದೇ. ಆ ವ್ಯತ್ಯಾಸವನ್ನು ನೀನು–ನೀವು, ಹೋಗೋ–ಹೋಗಪ್ಪ, ಕ್ರಿಯಾಪದದ ಬಾಲ ಇವುಗಳಲ್ಲಿ ತರಬೇಕು.

ಹಂತ 4: ಪಾತ್ರಕ್ಕೆ ಮೈ ಹುಡುಕುವುದು

ಸ್ಥಾಯಿ ಏರಿಸಿ ಇಳಿಸಿ ಮಗು, ರಾಕ್ಷಸ ಮಾಡುವುದರಿಂದ ಶುರು ಮಾಡಬೇಡಿ. ಮಂಗಾದ ಪುಟ ತೆರೆದು ಪಾತ್ರದ ಮೈಕಟ್ಟು ನೋಡಿ: ಕತ್ತು ಎಷ್ಟು ದಪ್ಪ, ಎದೆ ಎಷ್ಟು ಅಗಲ, ಹೇಗೆ ನಿಲ್ಲುತ್ತಾನೆ. ಹಾಗೇ ನಿಂತುಕೊಂಡು ಮಾತಾಡಿದರೆ ದನಿ ಅರ್ಧ ದಾರಿ ತಾನೇ ಬರುತ್ತದೆ. ಮಾತಿನ ಗುಳ್ಳೆಯ ಆಕಾರವನ್ನೂ ನೋಡಿ. ಮುಳ್ಳುಮುಳ್ಳಾದ ಗುಳ್ಳೆ ಕೂಗಿಗೆ, ಮೋಡದಂಥದು ಮನಸ್ಸಿನ ಮಾತಿಗೆ. ಪುಟದಲ್ಲಿಲ್ಲದ್ದು ವೇಗ ಮಾತ್ರ. ಅದನ್ನು ಅನಿಮೆಯ ನಿರ್ದೇಶಕರು ಸ್ಟೋರಿಬೋರ್ಡ್‌ನಲ್ಲಿ ಸೆಕೆಂಡುಗಳಾಗಿ ನಿಗದಿ ಮಾಡಿರುತ್ತಾರೆ.

ಹುಡುಗರ ಪಾತ್ರಕ್ಕೆ ಹೆಂಗಸರು ದನಿ ಕೊಡುವುದು ಅಲ್ಲಿ ಹಳೆಯ ರೂಢಿ. 1963ರ ಜನವರಿ 1ರಂದು ಶುರುವಾದ ‘ತೆತ್ಸುವಾನ್ ಆತೊಮು’ ಸರಣಿಯ ಹುಡುಗ ರೋಬಾಟ್‌ಗೆ ದನಿಯಾದವರು ಶಿಮಿಝು ಮಾರಿ. ‘ಡ್ರ್ಯಾಗನ್ ಬಾಲ್’ನಲ್ಲಿ ಗೊಕುವಿಗೆ 1986ರಿಂದ ದನಿ ಕೊಟ್ಟವರು ನೊಝಾವಾ ಮಸಾಕೊ. ಗೊಕುವಿನ ಮಕ್ಕಳಾದ ಗೊಹಾನ್, ಗೊತೆನ್‌ಗೂ ಅವರದೇ ದನಿ. ಬಾಲಕನೇ ದನಿ ಕೊಟ್ಟರೆ ಕೆಲವೇ ವರ್ಷಗಳಲ್ಲಿ ಗಂಟಲು ಒಡೆಯುತ್ತದೆ, ಪಾತ್ರಕ್ಕೆ ವಯಸ್ಸೇ ಆಗಿರುವುದಿಲ್ಲ. ಗೊಕು, ಗೊಹಾನ್ ಇಬ್ಬರನ್ನೂ ಒಂದೇ ಕಂತಿನಲ್ಲಿ ಕೇಳಿ ನೋಡಿ: ಬೇರ್ಪಡಿಸುವುದು ಸ್ಥಾಯಿಗಿಂತ ಹೆಚ್ಚಾಗಿ ಸ್ವಭಾವ. ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಂತ 5: ಮೈಕ್ ಮುಂದೆ ನಿಲ್ಲುವುದು

ಟೋಕಿಯೊದ ಆಫುರೆಕೊ ಸ್ಟುಡಿಯೊದಲ್ಲಿ ಪರದೆಗಳ ಮುಂದೆ ಸಾಮಾನ್ಯವಾಗಿ ಮೂರೋ ನಾಲ್ಕೋ ಮೈಕ್, ಗೋಡೆಯುದ್ದಕ್ಕೂ ಆಸನ. ಕಲಾವಿದರು ಇಪ್ಪತ್ತು ಮಂದಿಯೂ ಇರಬಹುದು. ತಮ್ಮ ಮಾತಿಗೆ ಮುಂಚೆ ಸದ್ದಿಲ್ಲದೆ ಎದ್ದು, ಖಾಲಿ ಮೈಕಿಗೆ ಬಂದು, ಮಾತಾಡಿ, ಮತ್ತೊಬ್ಬರಿಗೆ ಜಾಗ ಬಿಟ್ಟು ಹಿಂದೆ ಸರಿಯುತ್ತಾರೆ. ಇದೆಲ್ಲ ಧ್ವನಿಮುದ್ರಣ ನಡೆಯುತ್ತಿರುವಾಗಲೇ. ಮನೆಯಲ್ಲಿ ಇಬ್ಬರಿಗೆ ಒಂದು ಮೈಕ್ ಇಟ್ಟು ಇದನ್ನು ಬೇಕೆಂದೇ ಅಭ್ಯಾಸ ಮಾಡಿ. ಒಬ್ಬೊಬ್ಬರೇ ಬೇರೆ ಬೇರೆ ಹೇಳಿ ಜೋಡಿಸಿದ ಸಂಭಾಷಣೆಯಲ್ಲಿ ಉತ್ತರಗಳು ಪ್ರಶ್ನೆಗೆ ತಾಗುವುದಿಲ್ಲ. 2020ರಲ್ಲಿ ಸೋಂಕಿನ ಭಯದಿಂದ ಜಪಾನಿನಲ್ಲೂ ಕಲಾವಿದರನ್ನು ಸಣ್ಣ ಗುಂಪು ಮಾಡಿ ಒಳಗೆ ಬಿಡುತ್ತಿದ್ದರು.

ಬಾಯಿಂದ ಮೈಕಿಗೆ ಒಂದು ಗೇಣು ದೂರ, 20ರಿಂದ 25 ಸೆಂಟಿಮೀಟರ್. ಸ್ಕ್ರಿಪ್ಟ್ ಒಂದು ಕೈಯಲ್ಲಿ, ಮೈಕಿನ ಪಕ್ಕಕ್ಕೆ, ಕಣ್ಣಿನ ಎತ್ತರಕ್ಕೆ. ತಗ್ಗಿಸಿ ಹಿಡಿದರೆ ಕತ್ತು ಬಾಗಿ ದನಿ ನೆಲಕ್ಕೆ ಹೋಗುತ್ತದೆ. ಪುಟದ ಮೂಲೆಯನ್ನು ಮೊದಲೇ ಮಡಚಿಟ್ಟುಕೊಂಡು, ಮಾತಿಲ್ಲದ ಜಾಗದಲ್ಲಿ ನಿಧಾನ ತಿರುವಿ. ಕಾಗದದ ಸರಪರವನ್ನು ಮೈಕ್ ಚೆನ್ನಾಗಿಯೇ ಹಿಡಿಯುತ್ತದೆ. ಬಳೆ, ಗೆಜ್ಜೆ, ನೈಲಾನ್ ಜಾಕೆಟ್, ಗಂಜಿ ಹಾಕಿದ ಬಟ್ಟೆ ಬೇಡ. ಒಂದು ಗಂಟೆ ಮುಂಚೆ ಹಗುರವಾಗಿ ತಿಂದಿರಿ, ಖಾಲಿ ಹೊಟ್ಟೆಯ ಗುರ್ರೂ ಧ್ವನಿಮುದ್ರಿಕೆಯಲ್ಲಿ ಕೇಳುತ್ತದೆ. ಹಾಲು ಕುಡಿದರೆ ಬಾಯಿ ಅಂಟಿ ಚಪ್‌ಚಪ್ ಸದ್ದು ಬರುತ್ತದೆ, ನೀರು ಸಾಕು.

ಪ, ಫ, ಭ ಅಕ್ಷರಗಳಿಗೆ ‘ಬುಫ್’ ಎಂದು ಗಾಳಿ ಬಡಿದರೆ ಪಾಪ್ ಫಿಲ್ಟರನ್ನು ಮೈಕಿನಿಂದ 10 ಸೆಂಟಿಮೀಟರ್ ಮುಂದಿಟ್ಟು, ಬಾಯಿಯನ್ನು ಮೈಕಿನ ನೇರಕ್ಕಿಂತ ತುಸು ಓರೆ ಮಾಡಿ. ಮಾತಿನ ಮಟ್ಟ ಮೈನಸ್ 12 ಡೆಸಿಬೆಲ್ ಸುತ್ತ ಇರಲಿ. ಕೂಗುವಾಗ ಅರ್ಧ ಹೆಜ್ಜೆ ಹಿಂದೆ. ಕೂಗನ್ನು ಎಲ್ಲಕ್ಕೂ ಕೊನೆಗೆ ಇಟ್ಟುಕೊಳ್ಳಿ, ಗಂಟಲು ಉರಿದರೆ ಅವತ್ತಿಗೆ ನಿಲ್ಲಿಸಿ.

ಹೊಸಬರ ಮಾತಲ್ಲಿ ತಪ್ಪದೆ ಕಾಣುವ ದೋಷವೊಂದಿದೆ: ಪಕ್ಕ ಕೂತವರಿಗೂ ರಸ್ತೆಯಾಚೆ ಇದ್ದವರಿಗೂ ಒಂದೇ ದನಿ. ಇಲ್ಲಿ ಕಾಣೆಯಾದದ್ದನ್ನು ಜಪಾನಿನ ಧ್ವನಿ ನಿರ್ದೇಶಕರು ‘ಕ್ಯೊರಿಕನ್’, ದೂರದ ಅರಿವು, ಎನ್ನುತ್ತಾರೆ. ಪ್ರತಿ ಮಾತಿನ ಪಕ್ಕ ‘ಒಂದು ಮಾರು’, ‘ಹತ್ತು ಮಾರು’ ಎಂದು ದೂರ ಬರೆದುಕೊಳ್ಳಿ.

ಹಂತ 6: ಉಸಿರಿನ ನಟನೆ

ಬೆಚ್ಚುವುದು, ಓಡಿ ಏದುವುದು, ಪೆಟ್ಟು ತಿನ್ನುವುದು, ನಕ್ಕು ಸುಮ್ಮನಾಗುವುದು, ಇವೆಲ್ಲ ಕಲಾವಿದರ ಕೆಲಸ. ಪೆಟ್ಟಿನ ಸದ್ದನ್ನು ಬೇರೆಯವರು ಸೇರಿಸುತ್ತಾರೆ, ಪೆಟ್ಟು ತಿಂದವನ ಉಸಿರನ್ನು ಅವರು ಸೇರಿಸಲಾರರು. ಪೆಟ್ಟು ಕೊಡುವವನು ಉಸಿರು ಹೊರಕ್ಕೆ ಎಸೆಯುತ್ತಾನೆ. ತಿನ್ನುವವನ ಉಸಿರು ಗಂಟಲಲ್ಲಿ ಸಿಕ್ಕಿ ತುಂಡಾಗುತ್ತದೆ. ತಿನ್ನುತ್ತಾ ಮಾತಾಡುವ ದೃಶ್ಯಕ್ಕೆ ನಾಲಿಗೆಯನ್ನು ಒಂದು ಕೆನ್ನೆಗೆ ಒತ್ತಿಟ್ಟು ಮಾತಾಡಿ, ಅನ್ನದ ತುತ್ತೇ ಇದ್ದಂತೆ ಕೇಳುತ್ತದೆ. ಸ್ಕ್ರಿಪ್ಟಿನಲ್ಲಿ ಬರೆದಿಲ್ಲದಿದ್ದರೂ ಪಾತ್ರದ ಭುಜ ಏರಿದ ಕಡೆಯೆಲ್ಲ ಉಸಿರು ಹಾಕಿ.

ಹಂತ 7: ಟೆಸ್ಟ್, ಹೊನ್‌ಬನ್, ನುಕಿ

ಮೊದಲು ಟೆಸ್ಟ್. ಇಡೀ ದೃಶ್ಯ ನಿಲ್ಲಿಸದೆ ಹೇಳಿ, ತಪ್ಪುಗಳನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿ. ಇನ್ನೊಮ್ಮೆ ತಿದ್ದಿ ಹೇಳಿ. ಆಮೇಲೆ ‘ಹೊನ್‌ಬನ್’, ಅಂದರೆ ಅಸಲಿ ಟೇಕ್. ಸ್ಟುಡಿಯೊದಲ್ಲಿ ಅರ್ಧ ಗಂಟೆಯ ಕಂತನ್ನು ಎರಡು ಭಾಗ ಮಾಡಿ ಹೀಗೇ ಮುಗಿಸುತ್ತಾರೆ, ಎಲ್ಲ ಸೇರಿ ಮೂರು ನಾಲ್ಕು ಗಂಟೆ. ಚಿತ್ರ ಎಷ್ಟೋ ಸಲ ಪೂರ್ತಿಯಾಗಿರುವುದಿಲ್ಲ. ಪೆನ್ಸಿಲ್ ಗೆರೆಗಳ ಮೇಲೆ ಪಾತ್ರದ ಹೆಸರು ಮೂಡುತ್ತದೆ, ಹೆಸರು ಇರುವಷ್ಟು ಹೊತ್ತು ಮಾತು, ಹೋದ ಕೂಡಲೇ ನಿಲುಗಡೆ.

ನಡುವೆ ಎಡವಿದರೆ ನಿಲ್ಲಿಸಬೇಡಿ, ಮುಂದಕ್ಕೆ ಹೋಗಿ. ತಪ್ಪಿದ ಮಾತನ್ನೂ, ಇಬ್ಬರು ಒಬ್ಬರ ಮೇಲೊಬ್ಬರು ಮಾತಾಡುವ ಜಾಗವನ್ನೂ ಕೊನೆಯಲ್ಲಿ ಬೇರೆ ಬೇರೆ ತೆಗೆದುಕೊಳ್ಳಿ. ಇದು ‘ನುಕಿದೊರಿ’. ಬೇರೆ ತೆಗೆಯುವಾಗ ಎದುರಿನವರು ಮೈಕಿನಿಂದಾಚೆ ನಿಂತು ಬಾಯಿ ಮಾತ್ರ ಆಡಿಸಲಿ, ಉತ್ತರಿಸುವವರಿಗೆ ಕಣ್ಣಿಗೆ ಏನಾದರೂ ಸಿಕ್ಕಬೇಕು.

ಕಟ್ಟಕಡೆಗೆ ‘ಗಯಾ’, ಗುಂಪಿನ ಗುಜುಗುಜು. ಅಲ್ಲಿ ಹೊಸ ಕಲಾವಿದರು ಮೊದಲು ಪಳಗುವುದು ಇದರಲ್ಲೇ. ‘ಗುಜುಗುಜು’ ಎಂದು ಗೊಣಗಿದರೆ ಜೊಳ್ಳು ಕೇಳುತ್ತದೆ. ಶಾಲೆಯ ದೃಶ್ಯವಾದರೆ ಒಬ್ಬರು ಪರೀಕ್ಷೆಯ ಮಾತು, ಒಬ್ಬರು ಊಟದ ಡಬ್ಬಿಯ ಮಾತು ನಿಜವಾಗಿಯೇ ಆಡಿ. ಪಾತ್ರಗಳ ಹೆಸರಾಗಲಿ, ಎದ್ದು ಕೇಳುವ ಪದವಾಗಲಿ ಬಾರದಿರಲಿ. ಎರಡು ಸಲ, ಜಾಗ ಬದಲಿಸಿ ನಿಂತು ಹೇಳಿ ಒಂದರ ಮೇಲೊಂದು ಹಾಕಿದರೆ ಮೂವರು ಆರು ಜನವಾಗುತ್ತಾರೆ.

ಪರೀಕ್ಷಿಸುವಾಗ ಮೊದಲು ಪರದೆ ಮುಚ್ಚಿ ಬರೀ ದನಿ ಕೇಳಿ: ಯಾರು ಎಷ್ಟು ದೂರದಲ್ಲಿದ್ದಾರೆ ಎಂದು ತಿಳಿಯುತ್ತದೆಯೇ? ಆಮೇಲೆ ಚಿತ್ರದೊಂದಿಗೆ ನೋಡಿ. ಬಾಯಿ ಮುಚ್ಚಿದ ಮೇಲೂ ದನಿ ಉಳಿದ ಜಾಗಗಳನ್ನು ಗುರುತಿಸಿ, ಅಷ್ಟನ್ನು ಮಾತ್ರ ಮತ್ತೆ ತೆಗೆಯಿರಿ.