ದರಿಯಾ ದೌಲತ್‌ನ ಗೋಡೆ ಓದಿಸುವುದನ್ನು ನಾನು ಕಲಿತದ್ದು

ಎಂಟನೇ ಕ್ಲಾಸಿನ ಮಕ್ಕಳನ್ನು ಪ್ರತಿ ವರ್ಷ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆ. ಮೊದಲ ವರ್ಷ ದರಿಯಾ ದೌಲತ್ ಬಾಗ್‌ನ ಗೇಟಿನಲ್ಲೇ ನಿಲ್ಲಿಸಿ ಪಾಠ ಶುರು ಮಾಡಿಬಿಟ್ಟೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ಕಾವೇರಿ ದಂಡೆಯ ತೋಟ, ಹೀಗೆ. ನೆತ್ತಿ ಸುಡುವ ಬಿಸಿಲು. ಒಳಗೆ ಹೋಗುವ ಹೊತ್ತಿಗೆ ಮಕ್ಕಳೆಲ್ಲ ಸುಸ್ತಾಗಿದ್ದರು.

ಈಗ ಗೇಟಿನಲ್ಲಿ ಏನೂ ಹೇಳುವುದಿಲ್ಲ. ತೋಟ ದಾಟಿ ಸೀದಾ ಜಗಲಿ ಹತ್ತಿಸುತ್ತೇನೆ. ಸುತ್ತಲೂ ಅಗಲವಾದ ಪಡಸಾಲೆ, ತೇಗದ ಕಂಬಗಳು, ಬಿಸಿಲಿಗೆ ಇಳಿಬಿಟ್ಟ ಪರದೆ. ಒಂದು ನಿಮಿಷ ಸುಮ್ನೆ ನಿಲ್ಲಿ ಅನ್ನುತ್ತೇನೆ. "ತಣ್ಣಗಿದೆ ಮಿಸ್" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬೇಸಿಗೆ ಅರಮನೆ ಅಂದರೆ ಅದೇ ಅಲ್ವಾ?

ಆಮೇಲೆ ಪಶ್ಚಿಮದ ಗೋಡೆ. 1780ರಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಇಂಗ್ಲಿಷ್ ಪಡೆಯನ್ನು ಸೋಲಿಸಿದ ಚಿತ್ರ. ಗೋಡೆ ತುಂಬ ಕುದುರೆ, ಕತ್ತಿ, ಸಿಪಾಯಿಗಳು. ಎಲ್ಲಿ ನೋಡಬೇಕು ಅಂತಲೇ ತಿಳಿಯುವುದಿಲ್ಲ. ಅದಕ್ಕೆ ಒಂದೇ ಕೆಲಸ ಕೊಡುತ್ತೇನೆ: ಪಲ್ಲಕ್ಕಿ ಹುಡುಕಿ. ಒಮ್ಮೆ ಹಿಂದಿನ ಸಾಲಿನ ಹುಡುಗಿ ಕೂಗಿದಳು, "ಮಿಸ್, ಇವ್ನ್ಯಾಕೆ ಬೆರಳು ಕಚ್ಕೊಂಡವ್ನೆ?"

ಪಲ್ಲಕ್ಕಿಯಲ್ಲಿ ಕೂತ ಅವನೇ ಇಂಗ್ಲಿಷ್ ಪಡೆಯ ನಾಯಕ ಕರ್ನಲ್ ಬೈಲಿ. ಸುತ್ತ ಕೆಂಪು ಕೋಟಿನವರು ಚೌಕವಾಗಿ ನಿಂತಿದ್ದಾರೆ. ಅವರ ಮದ್ದಿನ ಬಂಡಿ ಸಿಡಿಯುತ್ತಿದೆ. ಆ ಬೆರಳಿನಿಂದ ಬಂಡಿಗೆ, ಬಂಡಿಯಿಂದ ಮುನ್ನುಗ್ಗುವ ಸವಾರರಿಗೆ ಮಕ್ಕಳ ಕಣ್ಣು ತಾನಾಗಿ ಓಡುತ್ತದೆ. ಯುದ್ಧದ ಕಥೆಯನ್ನು ಅವರೇ ಹೇಳುತ್ತಾರೆ. ನಾನು ತಿದ್ದುವುದು ಸ್ವಲ್ಪವೇ.

ಇದು ಗೆದ್ದವರು ಬರೆಸಿದ ಚಿತ್ರ ಅಂತಲೂ ತಪ್ಪದೆ ಹೇಳುತ್ತೇನೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಇದೇ ಮನೆಯಲ್ಲಿ ವಾಸವಿದ್ದ. ಮುಂದೆ ಹಾಳಾಗಿದ್ದ ಚಿತ್ರಗಳನ್ನು ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಹಾಗಾಗಿ ಕಾಣುವ ಬಣ್ಣವೆಲ್ಲ ಟಿಪ್ಪು ಕಾಲದ್ದೇ ಅನ್ನುವಂತಿಲ್ಲ. ಸೋತವರೇ ತಮ್ಮ ಸೋಲಿನ ಚಿತ್ರ ಉಳಿಸಿದ್ದು ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಉತ್ತರ ನಾನು ಕೊಡುವುದಿಲ್ಲ. ಮನೆಗೆ ಹೋಗಿ ಬರೆದುಕೊಂಡು ಬನ್ನಿ ಅನ್ನುತ್ತೇನೆ. ನನಗೆ ಜಾಸ್ತಿ ಇಷ್ಟವಾಗುವ ಉತ್ತರಗಳು ಬರುವುದು ಅಲ್ಲೇ.

ಊಟ ಮುಗಿಸಿ ಹೈದರ್, ಟಿಪ್ಪುವಿನ ಸಮಾಧಿ ಇರುವ ಗುಂಬಜ್‌ಗೆ ಹೋಗುತ್ತೇವೆ. ಅದರ ಹತ್ತಿರವೇ ಬೈಲಿಯ ಸ್ಮಾರಕ ಇದೆ. ಸೆರೆಸಿಕ್ಕ ಅವನು 1782ರಲ್ಲಿ ಈ ಊರಿನಲ್ಲೇ ಸತ್ತ. ಅಷ್ಟು ಹೇಳಿದ್ದೇ ತಡ, ಅದೇ ಹುಡುಗಿ ಮೆಲ್ಲಗೆ ಕೇಳಿದಳು, "ಪಲ್ಲಕ್ಕಿಯವನಾ ಮಿಸ್?"