ಕಸದ ಗಾಡಿಯ ಅಕ್ಕ ಮಾತಾಡಿದರು, ಮಕ್ಕಳು ನೋಟ್ಸ್ ಮಾಡಿಕೊಂಡರು

ಕಾರವಾರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಮಕ್ಕಳಿಗೆ ಉಕ್ತಲೇಖನ ಚೆನ್ನಾಗಿ ಬರುತ್ತದೆ. ನಿಧಾನಕ್ಕೆ ಹೇಳಿದರೆ ಒಂದಕ್ಷರ ಬಿಡದೆ ಬರೆಯುತ್ತಾರೆ. ಅದೇ ಯಾರಾದರೂ ಮಾಮೂಲಿ ಮಾತಾಡುವ ಹಾಗೆ ಮಾತಾಡಿದರೆ ಪೆನ್ನು ಓಡುವುದಿಲ್ಲ. "ಟೀಚರ್, ನೋಟ್ಸ್ ಹೇಳಿ" ಅನ್ನುತ್ತಾರೆ. ಏನು ಬರೆಯಬೇಕು, ಏನು ಬಿಡಬೇಕು ಅನ್ನುವುದನ್ನು ಅವರಿಗೆ ಯಾವಾಗಲೂ ಬೇರೆ ಯಾರೋ ತೀರ್ಮಾನ ಮಾಡಿ ಕೊಟ್ಟಿರುತ್ತಾರೆ.

ಕೇಳುತ್ತಾ ತಾವೇ ನೋಟ್ಸ್ ಮಾಡಿಕೊಳ್ಳುವುದನ್ನು ಕಲಿಸಲು ಕಸದ ವಿಷಯ ಆರಿಸಿಕೊಂಡೆ. ಪರಿಸರ ದಿನಾಚರಣೆಗಲ್ಲ. ಕಸದ ಬಗ್ಗೆ ಮಾತಾಡುವಾಗ ಜನ 'ಆದರೆ', 'ಅದು ಬಿಟ್ಟು', 'ಹಾಗಂತ' ಇವನ್ನೆಲ್ಲ ಜಾಸ್ತಿ ಬಳಸುತ್ತಾರೆ. ಹಾಲಿನ ಕೊಟ್ಟೆ (ಪ್ಲಾಸ್ಟಿಕ್ ಪ್ಯಾಕೆಟ್) ಒಣ ಕಸ, ಆದರೆ ತೊಳೆದು ಕೊಡಬೇಕು. ಆ 'ಆದರೆ' ಕಿವಿ ತಪ್ಪಿದರೆ ನೋಟ್ಸ್ ಇದ್ದೂ ಇಲ್ಲದ ಹಾಗೆ.

ಮೊದಲ ದಿನ ನಾನೇ ಒಂದು ಸಣ್ಣ ವರದಿ ಓದಿದೆ. ಕೇಂದ್ರದ ನಿಯಮದ ಪ್ರಕಾರ ಪ್ಲಾಸ್ಟಿಕ್ ಚೀಲ 2021ರ ಸೆಪ್ಟೆಂಬರ್ 30ರಿಂದ ಕನಿಷ್ಠ 75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಇರಬೇಕು, 2022ರ ಡಿಸೆಂಬರ್ 31ರಿಂದ 120. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಸ್ಟ್ರಾ, ಪ್ಲೇಟು, ಚಮಚದಂಥವಕ್ಕೆ 2022ರ ಜುಲೈ 1ರಿಂದ ನಿಷೇಧ. ಹಾಳೆ ನೋಡಿದರೆ ಹೆಚ್ಚಿನವರು ಬರೀ 75, 120 ಅಂತ ಬರೆದಿದ್ದರು. "ಏನು ಇದು, ರೂಪಾಯಿನಾ?" ಅಂದೆ. ಗೊತ್ತಿಲ್ಲ. ಅಲ್ಲಿಂದ ಒಂದು ನಿಯಮ ಬಂತು: ಸಂಖ್ಯೆ ಬರೆದರೆ ಪಕ್ಕದಲ್ಲಿ ಒಂದು ಶಬ್ದ ಬೇಕೇ ಬೇಕು.

ಆಮೇಲೆ ನಿಜವಾದ ಮಾತು. ನಮ್ಮ ಓಣಿಗೆ ಕಸದ ಗಾಡಿ ಜೊತೆ ಬರುವ ಅಕ್ಕನನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅರ್ಧ ಕನ್ನಡ, ನಡುನಡುವೆ ಕೊಂಕಣಿ, ಹಿಂದೆ ಗಾಡಿಯ ಹಾಡು. ಸ್ಟುಡಿಯೋ ದನಿಯಲ್ಲ, ಅದೇ ಬೇಕಿತ್ತು. ಮೀನಿನ ಕಸ ಹಸಿ ಕಸಕ್ಕೇ ಹಾಕಿ, ಆದರೆ ಕೊಟ್ಟೆಯಲ್ಲಿ ಗಂಟು ಕಟ್ಟಿ ಕೊಡಬೇಡಿ ಅಂದರು. ಮಳೆಗಾಲದಲ್ಲಿ ಪೇಪರು ನೆನೆಯದ ಹಾಗೆ ಇಡಿ. ಪ್ಯಾಡು, ಡೈಪರು ಪೇಪರಿನಲ್ಲಿ ಸುತ್ತಿ ಬೇರೆ ಕೊಡಿ. ಈ ಮಾತಿಗೆ ಹುಡುಗರು ಕಿಸಕ್ಕಂದರು. ನಕ್ಕವರ ಹಾಳೆಯಲ್ಲಿ ಆ ಸಾಲೇ ಇರಲಿಲ್ಲ!

ಮೊದಲ ಸಲ ಕೇಳುವಾಗ ಪೆನ್ನು ಕೆಳಗೆ. ಮುಗಿದ ಮೇಲೆ ಪಕ್ಕದವರಿಗೆ ಒಂದೇ ವಾಕ್ಯದಲ್ಲಿ ಹೇಳಬೇಕು. ಎರಡನೇ ಸಲ ಬರೆಯಬಹುದು, ಪೂರ್ತಿ ವಾಕ್ಯ ಮಾತ್ರ ಬೇಡ. ಹಾಳೆಗೆ ಉದ್ದಕ್ಕೆ ಒಂದು ಗೆರೆ: ಬಲಕ್ಕೆ ಅಗಲ ಜಾಗದಲ್ಲಿ ಕೇಳಿದ್ದು, ಎಡಕ್ಕೆ ಸಣ್ಣ ಜಾಗದಲ್ಲಿ ತಮಗೆ ಬಂದ ಪ್ರಶ್ನೆ. ಇದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ರೂಪಿಸಿದ ವಿಧಾನ. ಅದರಲ್ಲಿ ಕೆಳಗೆ ಸಾರಾಂಶಕ್ಕೂ ಜಾಗ ಇರುತ್ತದೆ. ನಾನು ಅದನ್ನು ಕೈಬಿಟ್ಟೆ. ಸಾರಾಂಶ ಅಂದ ಕೂಡಲೇ ನಮ್ಮ ಮಕ್ಕಳು ಗೈಡ್ ಭಾಷೆಗೆ ಇಳಿಯುತ್ತಾರೆ.

ಒಬ್ಬ ಹುಡುಗ ಮುತ್ತಿನಂಥ ಅಕ್ಷರದಲ್ಲಿ "ಎಲ್ಲ ಮಕ್ಕಳಿಗೂ ನಮಸ್ಕಾರ" ಎಂದು ಶುರು ಮಾಡಿದ್ದ. ಅಷ್ಟರಲ್ಲಿ ಮೀನಿನ ಕಸದ ಮಾತು ಮುಗಿದೇ ಹೋಗಿತ್ತು. ಇನ್ನೊಬ್ಬಳ ಹಾಳೆಯಲ್ಲಿ "ಗಾಜು – ಪೇಪರ್ – ಕೈ" ಅಂತ ಮೂರೇ ಶಬ್ದ. ಒಡೆದ ಗಾಜು ಹಾಗೇ ಚೀಲಕ್ಕೆ ಹಾಕಿ ಕೊಟ್ಟಿದ್ದರಿಂದ ಕೈ ಕೊಯ್ದುಕೊಂಡಿದ್ದನ್ನು ಅಕ್ಕ ಸುಮಾರು ಹೊತ್ತು ಹೇಳಿದ್ದರು. ಅಷ್ಟೂ ಕಥೆ ಈ ಮೂರು ಶಬ್ದದಲ್ಲಿತ್ತು: ಏನು, ಹೇಗೆ, ಯಾಕೆ. ಅದನ್ನು ಬೋರ್ಡಿಗೆ ಬರೆದೆ. ಬೇರೆ ವಿವರಣೆ ಕೊಡಲಿಲ್ಲ.

ಮರುದಿನ ರೆಕಾರ್ಡಿಂಗ್ ಇಲ್ಲ. ಚೀಲದಿಂದ ಒಂದೊಂದೇ ಸಾಮಾನು ತೆಗೆದು ಮೇಜಿನ ಮೇಲಿಟ್ಟೆ. ಹಾಲಿನ ಕೊಟ್ಟೆ, ಗಡಿಯಾರದ ಹಳೇ ಸೆಲ್ಲು, ತೆಂಗಿನ ಗರಟೆ. ನೋಟ್ಸ್ ನೋಡಿಕೊಂಡೇ ಉತ್ತರ ಹೇಳಬೇಕು. ಗರಟೆಯ ಮಾತು ಅಕ್ಕ ಎತ್ತಿರಲೇ ಇಲ್ಲ. ನೋಟ್ಸ್ ಸರಿಯಾಗಿಲ್ಲದವರು "ಹಸಿ", "ಒಣ" ಎಂದು ಬಾಯಿಗೆ ಬಂದದ್ದು ಹೇಳಿದರು. ಚೆನ್ನಾಗಿ ಬರೆದುಕೊಂಡಿದ್ದವರು ಹಾಳೆ ಪೂರ್ತಿ ನೋಡಿ "ಅಕ್ಕ ಹೇಳಿಲ್ಲ ಟೀಚರ್" ಅಂದರು. ಪೂರ್ತಿ ಮಾರ್ಕ್ಸ್ ಕೊಟ್ಟಿದ್ದು ಆ ಉತ್ತರಕ್ಕೆ. ಒಂದಿಬ್ಬರು ಜಗಳಕ್ಕೇ ಬಂದರು, ಇರಲಿ.

ಹೇಳದೆ ಉಳಿದದ್ದನ್ನೆಲ್ಲ ಎಡಗಡೆ ಜಾಗದಲ್ಲಿ ಬರೆಸಿದೆ. ಗಾಡಿ ಶಾಲೆಯ ಗೇಟಿಗೆ ಬಂದಾಗ ಮಕ್ಕಳೇ ಕೇಳಿದರು.

"ಗರಟೆ ನಮ್ಮ ಗಾಡಿಗ್ಯಾಕೆ? ಬಚ್ಚಲ ಒಲೆಗೆ ಹಾಕಿ" ಅಂದರು ಅಕ್ಕ.

"ನಮ್ಮನೇಲಿ ಒಲೆ ಇಲ್ಲ ಅಕ್ಕಾ, ಗೀಸರ್."

"ಹಾಗಾದ್ರೆ ಒಣ ಕಸದ ಜೊತೆ ಕೊಡು."

ನಮಸ್ಕಾರದ ಹುಡುಗ ಆಗಲೇ ಬರೆದು ಮುಗಿಸಿದ್ದ: "ಗರಟೆ – ಒಲೆ ಇದ್ರೆ ಒಲೆ, ಇಲ್ಲಾಂದ್ರೆ ಒಣ."