ಸೋಲಾರ್ ಡೈ: ಅಣುಗಳು ಒಂದಕ್ಕೊಂದು ಅಂಟದ ಹಾಗೆ ಮಾಡುವುದು ಹೇಗೆ?

ದಾವಣಗೆರೆ ಹತ್ತಿ ಗಿರಣಿಗಳಿಗೆ ಹೆಸರಾದ ಊರು. ಬಟ್ಟೆಗೆ ಬಣ್ಣ ಗಾಢವಾಗಿ ಹಿಡಿದಷ್ಟೂ ಒಳ್ಳೆಯದು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಎಂಎಸ್ಸಿ ಪ್ರಾಜೆಕ್ಟಿಗೆ ಡೈ ಸೋಲಾರ್ ಸೆಲ್, ಅಂದರೆ ಬಣ್ಣದ (ಡೈ) ಅಣುಗಳು ಹೀರಿದ ಬೆಳಕಿನಿಂದ ಕರೆಂಟ್ ಕೊಡುವ ಸೆಲ್, ಮಾಡುವ ನಮ್ಮ ಹುಡುಗರೂ ಅದೇ ಲೆಕ್ಕ ಹಾಕುತ್ತಾರೆ. ಗಾಜಿನ ಮೇಲೆ ಬಣ್ಣ ಕಡುಗೆಂಪಾಗಿ ಕೂರುತ್ತದೆ, ಕರೆಂಟ್ ಮಾತ್ರ ಬರುವುದಿಲ್ಲ.

ಇದು 1991ರಲ್ಲಿ ಬ್ರಯಾನ್ ಓರೆಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ ಪ್ರಕಟಿಸಿದ ಸೆಲ್. ಬೆಳಕು ಹೀರಿದ ಡೈ ಅಣು ತನ್ನ ಎಲೆಕ್ಟ್ರಾನನ್ನು ಗಾಜಿಗೆ ಬಳಿದ ಟೈಟಾನಿಯಂ ಡೈಆಕ್ಸೈಡಿಗೆ (ಮುಂದೆ ಬರೀ ಟೈಟಾನಿಯಂ ಅನ್ನೋಣ) ದಾಟಿಸಬೇಕು. ಚಪ್ಪಟೆ ಅಣುಗಳು ಹಸಿ ಹಪ್ಪಳ ಪೇರಿಸಿಟ್ಟ ಹಾಗೆ ಅಂಟಿಕೊಂಡರೆ, ಆ ಶಕ್ತಿ ಪಕ್ಕದ ಅಣುವಿಗೆ ಹೋಗಿ ಸುಮ್ನೆ ಶಾಖವಾಗಿ ಕಳೆದುಹೋಗುತ್ತದೆ.

1. ಮೊದಲು ಡೈ ಅಣುವಿನ ಚೌಕಟ್ಟು. ಒಂದು ತುದಿಗೆ ಎಲೆಕ್ಟ್ರಾನ್ ಕೊಡುವ ಗುಂಪು, ನಡುವೆ ಸೇತುವೆ, ಇನ್ನೊಂದು ತುದಿಗೆ ಟೈಟಾನಿಯಂ ಹಿಡಿಯುವ ಸಯನೋಅಕ್ರಿಲಿಕ್ ಆಸಿಡ್.

2. ಕೆಲಸ ಕೆಡುವುದು ಇಲ್ಲಿ. ಕೊಡುವ ತುದಿಗೆ ಟ್ರೈಫಿನೈಲ್ ಅಮೀನನ್ನೇ ಹಾಕಿ. ಅದರ ಮೂರು ಉಂಗುರಗಳು ತಿರುಚಿಕೊಂಡೇ ಇರುತ್ತವೆ, ಪಕ್ಕದ ಅಣು ಮೈಗೆ ಮೈ ತಾಗಿಸಿ ಕೂರಲು ಆಗುವುದಿಲ್ಲ. ಎಲೆಕ್ಟ್ರಾನ್ ಕೊಡುವ ಇನ್ನೊಂದು ಗುಂಪಾದ ಕಾರ್ಬಜೋಲ್ ಚಪ್ಪಟೆ, ಅದು ಬೇಕೇ ಬೇಕೆಂದರೆ ಸೇತುವೆಯ ಥಯೋಫೀನುಗಳಿಗೆ (ಗಂಧಕವಿರುವ ಉಂಗುರಗಳು) ಆರು ಕಾರ್ಬನ್ನಿನ ಹೆಕ್ಸೈಲ್ ಬಾಲ ಕೂರಿಸಿ. ಈ ಬಾಲ ಅಣುಗಳನ್ನು ದೂರ ಇಡುತ್ತದೆ. ಜೊತೆಗೆ ಎಲೆಕ್ಟ್ರೋಲೈಟಿನ (ಸೆಲ್ಲಿನೊಳಗೆ ತುಂಬುವ ಅಯೋಡಿನ್ ದ್ರಾವಣ) ಟ್ರೈಅಯೋಡೈಡ್ ಟೈಟಾನಿಯಂ ಹತ್ತಿರ ಸುಳಿದು ಎಲೆಕ್ಟ್ರಾನ್ ವಾಪಸ್ ಕಿತ್ತುಕೊಳ್ಳದಂತೆ ತಡೆಯುತ್ತದೆ. ಆದರೆ ಬಾಲದ ಜಾಗ ನೋಡಿಕೊಳ್ಳಿ. ಎರಡು ಉಂಗುರಗಳ ಸಂದಿಯಲ್ಲಿ ಎದುರುಬದುರಾಗಿ ಬಂದರೆ ಸೇತುವೆಯೇ ತಿರುಚಿ, ಡೈ ಹೀರುವ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ. ಬಾಲ ಜಾಸ್ತಿಯಾದರೂ ಕಷ್ಟ, ಅಷ್ಟೇ ಜಾಗದಲ್ಲಿ ಕಡಿಮೆ ಅಣು ಹಿಡಿಯುತ್ತವೆ. ಫ್ಲಾಸ್ಕ್ ಮುಟ್ಟುವ ಮೊದಲು ಕಂಪ್ಯೂಟರಿನಲ್ಲಿ ಈ ತಿರುಚು ಎಷ್ಟಿದೆ ನೋಡಲೇಬೇಕು.

3. ಗಾಜನ್ನು ಅದ್ದುವ ಡೈ ದ್ರಾವಣಕ್ಕೆ ಕೀನೋಡಿಆಕ್ಸಿಕೋಲಿಕ್ ಆಸಿಡ್ ಬೆರೆಸಿ. ಇದು ಬಣ್ಣವಿಲ್ಲದ ಪಿತ್ತದ ಆಮ್ಲ, ಡೈ ಅಣುಗಳ ನಡುವೆ ತಾನೂ ಕೂರುತ್ತದೆ. ಡೈ 0.3 ಮಿಲಿಮೋಲಾರ್ ಇದ್ದರೆ ಇದನ್ನು 3ರಿಂದ ಶುರು ಮಾಡಿ. ಅತಿಯಾದರೆ ಡೈಯನ್ನೇ ಹೊರದಬ್ಬುತ್ತದೆ. ಕೆಟ್ಟ ವಿನ್ಯಾಸಕ್ಕೆ ಇದನ್ನೇ ಮದ್ದು ಮಾಡಿಕೊಳ್ಳುವ ಅಡ್ಡದಾರಿ ಬೇಡ. ಅಂಗಡಿಯ ಫುಡ್ ಕಲರ್ ಅಂತೂ ಬೇಡವೇ ಬೇಡ, ಅದಕ್ಕೆ ಗಟ್ಟಿ ಹಿಡಿತವೂ ಇಲ್ಲ. ಓವನ್‌ನಿಂದ ತೆಗೆದ ಗಾಜು 80 ಡಿಗ್ರಿಗೆ ಇಳಿದಾಗಲೇ ಅದ್ದಿ. ಪೂರ್ತಿ ಆರಿದರೆ ತೇವ ಹೀರುತ್ತದೆ.

4. ಪಿತ್ತದ ಆಮ್ಲ ಹಾಕಿದ ಮತ್ತು ಹಾಕದ ಎರಡು ಫಿಲ್ಮುಗಳ (ಡೈ ಹಿಡಿದ ಗಾಜು) ಸ್ಪೆಕ್ಟ್ರಮ್, ಅಂದರೆ ಯಾವ ಬೆಳಕನ್ನು ಎಷ್ಟು ಹೀರುತ್ತವೆ ಅನ್ನುವ ನಕ್ಷೆ, ತೆಗೆಯಿರಿ. ಬರೀ ದ್ರಾವಣದ ಜೊತೆ ಹೋಲಿಸಿದರೆ ಸಾಲದು. ಡೈ ಟೈಟಾನಿಯಂಗೆ ಅಂಟಿದಾಗ ಪ್ರೋಟಾನ್ ಕಳೆದುಕೊಂಡರೂ ನಕ್ಷೆಯ ಶಿಖರ ಸರಿಯುತ್ತದೆ. ಎರಡೂ ಫಿಲ್ಮುಗಳ ಶಿಖರದ ಜಾಗ, ಅಗಲ ಹೆಚ್ಚುಕಮ್ಮಿ ಒಂದೇ ಇದ್ದರೆ ನಿಮ್ಮ ಅಣು ಆಮ್ಲದ ಸಹಾಯವಿಲ್ಲದೆಯೇ ಬಿಡಿಬಿಡಿಯಾಗಿ ನಿಂತಿದೆ. ಇಲ್ಲದಿದ್ದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ.